ಕುಲಾವಿಗೆ ಟೆಂಡರು

ಮೆಲ್ಬರ್ನಿನ ಪಡುವಣ ಅಂಚಿನಲ್ಲಿ
ನನ್ನ ಬಸ್ಸಿನ ಕೊನೇ ಸ್ಟಾಪು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತದೆ.
ಹೋದ ಜೂನಿನಲ್ಲಿ ಹೂಕೋಸಿನ ಹೊಲದ ಈಚೆಗಿತ್ತು.
ಈಗ ಹೊಲ ದಾಟಿ, ಕರಿಗಲ್ಲಿನ ಬೇಲಿ ದಾಟಿ
ಒಂದು ರೌಂಡಬೌಟಿನ ಪಕ್ಕ ಕಂಬ ನೆಟ್ಟಿದ್ದಾರೆ.
ನಾಲ್ಕು ದಾರಿಯ ರೌಂಡಬೌಟು, ಮೂರಕ್ಕೆ ಕಿತ್ತಳೆ ಬಣ್ಣದ ತಡೆ,
ತಡೆಯಾಚೆ ಹುಲ್ಲು.
ಸುತ್ತು ಹಾಕಿ ಬಂದ ದಾರಿಗೇ ವಾಪಸ್ಸು.

ಬೆಳಗಿನ ಐದೂ ನಲವತ್ತಕ್ಕೆ ಅಬುಕ್ ಹತ್ತುತ್ತಾಳೆ,
ವೃದ್ಧಾಶ್ರಮದ ನೀಲಿ ಅಂಗಿ, ಚೀಲದಲ್ಲಿ ಇನ್ನೊಂದು ಜೊತೆ ಬೂಟು.
ಫುಟ್‌ಪಾತಿಲ್ಲದ ಮುನ್ನೂರು ಮೀಟರಿಗೆ ಒಂದು, ಕೆಲಸಕ್ಕೆ ಒಂದು.
ಎರೆಮಣ್ಣು ಯಾವ ದೇಶದ್ದಾದರೇನು,
ಹಿಡಿದ ಕಾಲು ಬಿಡುವುದಿಲ್ಲ.

ಆಮೇಲೆ ಫರೂಜಿಯಾ, ಮಾಲ್ಟಾದ ಮುದುಕ.
ಕೆಲಸವಿಲ್ಲ, ರಿಯಾಯಿತಿ ಕಾರ್ಡಿದೆ.
"ಡ್ರೈವರಮ್ಮ, ಈಗ ನನ್ನ ಮೂರನೇ ಮಡಿಯ ಮೇಲೆ ಹೋಗ್ತಿದೀವಿ"
ಅನ್ನುತ್ತಾನೆ, ಔಷಧಿ ಅಂಗಡಿ ಬರಬೇಕಾದ ಜಾಗದಲ್ಲಿ.
ಮಾರಿದ್ದಕ್ಕೆ ದುಃಖವಿಲ್ಲ. ದುಡ್ಡು ಬಂತು, ಬೆನ್ನುನೋವು ಹೋಯಿತು.
ಸಿಟ್ಟು ಒಂದಕ್ಕೇ:
ನೀರು ನಿಲ್ಲುವ ತಗ್ಗು ಯಾವುದೆಂದು ಯಾರೂ ಅವನನ್ನು ಕೇಳಲಿಲ್ಲ.
ಅಲ್ಲೀಗ ಪಾರ್ಕು.
ಉಯ್ಯಾಲೆಯ ಕಾಲು ನಾಲ್ಕು ತಿಂಗಳು ನೀರಲ್ಲಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆನ್ನುತ್ತಿದ್ದಳು ನಮ್ಮ ಸೋದರತ್ತೆ.
ಇಲ್ಲಿ ಕೂಸು ಹುಟ್ಟಿ, ಅಂಬೆಗಾಲಿಟ್ಟು, ಹಲ್ಲು ಬಂದು,
ತಗಡಿನ ಕೋಣೆಯಲ್ಲಿ ಒಂದನೇ ಕ್ಲಾಸು ಮುಗಿಸಿದೆ.
ಕುಲಾವಿಗೆ ಇನ್ನೂ ಟೆಂಡರು.
'ಇಲ್ಲಿ ರೈಲು ನಿಲ್ದಾಣ ಬರಲಿದೆ' ಬೋರ್ಡಿನ ಹುಡುಗಿ
ಬಿಸಿಲಿಗೆ ಮಾಸಿ ಮಾಸಿ
ನಗು ಮಾತ್ರ ಉಳಿದಿದೆ, ಮುಖ ಇಲ್ಲ.

ಶಾಲೆಯ ಜಿಮ್ಮಿನಲ್ಲಿ ಕೌನ್ಸಿಲ್ಲಿನ ಸಭೆ.
ಲಾಕ್ಲನ್ ಎಂಬ ಎಳೇ ಪ್ಲ್ಯಾನರು ನಕ್ಷೆ ಹಾಸಿದ.
ಹಳದಿ ಮನೆ, ನೇರಳೆ ಅಂಗಡಿ, ನಿಲ್ದಾಣದ ಸುತ್ತ ಕಡುಗಂದು:
ನಾಲ್ಕು ಮಾಳಿಗೆ, ಇನ್ನೂರ ಅರವತ್ತು ಫ್ಲ್ಯಾಟು.
"ಜನ ಇದ್ದರೆ ರೈಲು" ಅಂದ ಅವನು.
"ರೈಲಿದ್ದರೆ ಜನ" ಅಂದಿತು ಹಿಂದಿನ ಸಾಲು.
"ಒಳಚರಂಡಿ ಪೈಪು ಎಷ್ಟು ದಪ್ಪ?" ಫರೂಜಿಯಾ ಕೇಳಿದ.
ಅದು ಬೇರೆ ಇಲಾಖೆಯಂತೆ.
ಗಂಟಲೊಣಗಿದ ಹುಡುಗ, ಮಕ್ಕಳೆತ್ತರದ ನಲ್ಲಿಗೆ ಬಗ್ಗಿ
ನೀರು ಕುಡಿದು ಬಂದ, ಪಾಪ.

ಆಗ ಒಂದು ಹಾಳೆ ಕೈಯಿಂದ ಕೈಗೆ ಬಂತು.
ಫ್ಲ್ಯಾಟು ಬೇಡ. ನೆರಳು ಬೀಳುತ್ತದೆ. ಪಾರ್ಕಿಂಗು. ಬಾಡಿಗೆಯವರು.
ನಾನೂ ಸಹಿ ಹಾಕಿದೆ.
ಮೂವತ್ತು ವರ್ಷದ ಸಾಲ ನನ್ನ ಮನೆ,
ಹಿತ್ತಲಿಗೆ ಹಪ್ಪಳ ಒಣಗುವಷ್ಟು ಬಿಸಿಲು ಬರುತ್ತದೆ.

ಮಾರನೇ ಬೆಳಿಗ್ಗೆ ಬೂಟು ಬದಲಿಸುತ್ತಾ ಅಬುಕ್ ಕೇಳಿದಳು,
ಆ ಫ್ಲ್ಯಾಟುಗಳಿಗೆ ಅರ್ಜಿ ಯಾವಾಗ?
ತಂಗಿಯ ಮನೆಯ ಗ್ಯಾರೇಜಿನಲ್ಲಿ ನಾನೂ ಮಗಳೂ,
ಚಳಿ ಕಾಂಕ್ರೀಟಿನಿಂದ ಮೇಲೇರಿ ಬರುತ್ತದೆ.
ನಿಲ್ದಾಣದ ಹತ್ತಿರವಾದರೆ ಒಂದೇ ಜೊತೆ ಬೂಟು ಸಾಕು.

ನಾನು ಕನ್ನಡಿ ನೋಡಲಿಲ್ಲ.
ತಿರುವೇ ಇಲ್ಲದ ಕಡೆ ಇಂಡಿಕೇಟರ್ ಹಾಕಿದೆ.
ಹತ್ತಿದ ಏಣಿ ಒದ್ದರೆ ಸದ್ದಾಗುತ್ತದೆಂದುಕೊಂಡಿದ್ದೆ.
ಆಗುವುದಿಲ್ಲ.
ಬಾಲ್‌ಪೆನ್ನು ಕಾಗದದ ಮೇಲೆ ಜಾರಿದ ಸದ್ದು, ಅಷ್ಟೆ.

ಸಹಿ ಹಿಂದೆಗೆಯುವ ಫಾರಂ ಇಲ್ಲವಂತೆ.
ಬೇರೆ ಪತ್ರ ಬರೆಯಬಹುದು, ಶುಕ್ರವಾರ ಐದರೊಳಗೆ.

ಕೊನೇ ಸ್ಟಾಪಿನಲ್ಲಿ ಏಳು ನಿಮಿಷ ಬಿಡುವು.
ವೇಳಾಪಟ್ಟಿಯ ಬೆನ್ನಿಗೆ ಬರೆಯತೊಡಗಿದೆ:
ಮಾನ್ಯರೇ, ಫ್ಲ್ಯಾಟು ಬರಲಿ. ಅದಕ್ಕೆ ಮುಂಚೆ ಫುಟ್‌ಪಾತು.
ನೀರು ಎಲ್ಲಿ ನಿಲ್ಲುತ್ತದೆಂದು ಬಸ್ಸಿನಲ್ಲೊಬ್ಬ ಮುದುಕನನ್ನು ಕೇಳಿ.
ನನ್ನ ಹಪ್ಪಳದ ವಿಷಯ
ಇಲ್ಲಿಗೆ ಏಳು ನಿಮಿಷ ಮುಗಿಯಿತು.

ಸುತ್ತು ಹಾಕುವಾಗ ಕಂಡೆ:
ಒಂದು ತಡೆಯನ್ನು ಯಾರೋ ಮೊಳದಷ್ಟು ಸರಿಸಿದ್ದಾರೆ.
ಎರೆಮಣ್ಣಿನಲ್ಲಿ ಆಚೆಗೆ ಹೋದ ಬೂಟಿನ ಹೆಜ್ಜೆ,
ಹೆಜ್ಜೆಯೊಳಗೆ ನೀರು.