ಪಕ್ಕಾ ಬಣ್ಣ

ನಮ್ಮೂರ ಹೆಸರು ವೂಚ್. ದೋಣಿ ಅಂತ ಅರ್ಥ.
ಹುಡುಕಿದರೂ ಒಂದು ದೋಣಿ ಸಿಗದು.
ಇದ್ದ ಹೊಳೆಗಳನ್ನು ಗಿರಣಿಯವರು ಕೊಳವೆಗೆ ತುರುಕಿ
ಬೀದಿಯಡಿ ಹೂತು ಹೋದರು.

ಬೊಗುಮಿಲಾಳ ಅಜ್ಜಿ ಬಣ್ಣದ ಮನೆಯಲ್ಲಿ ದುಡಿದವಳು.
ಹೊಳೆ ಕೆಂಪಗೆ ಹರಿದ ದಿನ ಊರಿಗೆಲ್ಲ ಗೊತ್ತು,
ಪರದೆಬಟ್ಟೆಗೆ ಗಿರಾಕಿ ಸಿಕ್ಕಿದ್ದಾನೆ.
ಮೂರು ಒಗೆತಕ್ಕೆ ನಿಂತರೆ ಪಕ್ಕಾ, ಅನ್ನುತ್ತಿದ್ದಳಂತೆ.
ಅವಳ ಮೊಣಕೈಯ ನೀಲಿ
ಶವಪೆಟ್ಟಿಗೆಯಲ್ಲೂ ಬಿಡಲಿಲ್ಲ.

ಮೊಮ್ಮಗಳು ನಾಲ್ಕನೇ ಮಹಡಿಯಲ್ಲಿ.
ರಾತ್ರಿಪಾಳಿಯ ಟ್ರಾಮ್ ಓಡಿಸಿ ಬಂದು
ಬೂಟು ಬಿಚ್ಚುವ ಮೊದಲು ಗಾಜಿಗೆ ಮೂಗು ಹಚ್ಚುತ್ತಾಳೆ.
ಪಾಚಿಯ ಮೇಲೆ ಉಗುರಿನುದ್ದದ ಸೀಗಡಿಗಳು
ನೂಲು ಬಿಡಿಸುವ ಹೆಂಗಸರ ಚುರುಕಿನಲ್ಲಿ
ಬಾಚಿ ಬಾಚಿ ತಿನ್ನುತ್ತವೆ.
ಒಂದು ಹೆಣ್ಣು ಬಾಲದಡಿ ಮೊಟ್ಟೆ ಹೊತ್ತು
ಬೀಸಣಿಗೆ ಬೀಸುತ್ತಿದೆ, ಸೆಕೆಯಲ್ಲಿ ಕೂಸಿಗೆ ಬೀಸಿದ ಹಾಗೆ,
ಕೈ ಬದಲಿಸದೆ.
ಇನ್ನೊಂದು ನಿನ್ನೆ ಕಳಚಿಟ್ಟ ಅಂಗಿ
ಮೂಲೆಯಲ್ಲಿ ಮೀಸೆ ಸಮೇತ ನಿಂತಿದೆ. ಒಳಗೆ ಯಾರೂ ಇಲ್ಲ.

ಭಾನುವಾರ ಆರಿಸುವ ದಿನ.
ಅಕ್ಕಿಯಲ್ಲಿ ಕಲ್ಲು ಹೆಕ್ಕಿದಂತೆ ಪುಟ್ಟ ಬಲೆಯಲ್ಲಿ
ಕಾಲು ಬಿಳಚಿದ್ದು, ಬೆನ್ನಲ್ಲಿ ಗೆರೆ ಬಿಟ್ಟದ್ದು, ಮಣ್ಣುಬಣ್ಣಕ್ಕೆ ತಿರುಗಿದ್ದು
ಎಲ್ಲ ಕಿಟಕಿಯ ಮೇಲಿನ ಉಪ್ಪಿನಕಾಯಿ ಜಾಡಿಗೆ.
"ಕೊಲ್ಲೋಕೆ ಮನಸಿಲ್ಲ, ಮಾರೋಕೆ ಮುಖವಿಲ್ಲ."
ಆ ಜಾಡಿಗೆ ನೀರು ಬದಲಿಸುವ ಗೊಡವೆಯೂ ಇಲ್ಲ.

ಫೆಬ್ರವರಿಯಲ್ಲಿ ಸೊಸೈಟಿಯವರು ಕೊಳವೆ ಬದಲಿಸಿದರು.
ಹೊಚ್ಚಹೊಸ ತಾಮ್ರ, ಮೆಟ್ಟಿಲ ಬಳಿ ಕೇಕು ಹಂಚಿದರು.
ಅವಳು ಎಂದಿನಂತೆ ಎರಡು ಬಕೆಟ್ ಹುಯ್ದು ಮಲಗಿದಳು.
ನಮ್ಮ ನಾಲಿಗೆಗೆ ತಿಳಿಯದಷ್ಟು.
ಅವಕ್ಕೆ ಅಷ್ಟು ಸಾಕು.
ಎದ್ದಾಗ ತೊಟ್ಟಿಯ ತಳದಲ್ಲಿ
ಆರು ವರ್ಷದ ಕೆಂಪು ಅಡ್ಡಬಿದ್ದಿತ್ತು.
ಬೀಸಣಿಗೆ ನಿಂತಿತ್ತು.

ಮುಂಗಡ ಕೊಟ್ಟು ಹತ್ತು ಕೇಳಿದ್ದವನು ನಾನು,
ಅದೇ ದಿನ ಬಾಗಿಲು ತಟ್ಟಿದೆ.
ಏನು ಹೇಳಬೇಕೋ ತೋಚದೆ ಚಹಾ ಕುಡಿದೆ,
ಅದೇ ನಲ್ಲಿಯ ನೀರಿನ ಚಹಾ.
ಹೊರಡುವಾಗ ಅವಳು ಜಾಡಿಯಿಂದ ಎಣಿಸಿ
ಹತ್ತನ್ನು ಚೀಲಕ್ಕೆ ಬಿಟ್ಟಳು.
ಮುಂಗಡದ ನೋಟು ನನ್ನ ಜೇಬಿಗೇ ತುರುಕಿದಳು.
ಕೋಟಿನೊಳಗೆ ಕಂಕುಳ ಬಿಸಿಗೆ ಒತ್ತಿಕೊಂಡು
ಹನ್ನೆರಡು ನಿಲ್ದಾಣ, ಹಿಮದಲ್ಲಿ, ನಿಂತೇ ಬಂದೆ.
ಕೂತರೆ ಅಮುಕಿ ಹೋದಾವೆಂಬ ಭಯ.

ಈಗ ಅವುಗಳ ಮೊಮ್ಮಕ್ಕಳು. ಎಲ್ಲ ಕೆಸರಿನದೇ ಬಣ್ಣ,
ನೋಡಲು ಬಂದವರು ತೊಟ್ಟಿ ಖಾಲಿಯೇ ಅನ್ನುತ್ತಾರೆ.
ಒಂದರ ಕುತ್ತಿಗೆಯ ಬಳಿ ಮಾತ್ರ
ಒಗೆದು ಒಗೆದು ಉಳಿದ ಕಲೆಯಂತೆ
ತುಸು ಕೆಂಪು.

ಫೋನು ಮಾಡಿದೆ. ಆ ಕಡೆ ಡಿಪೋದ ಗದ್ದಲ.
"ಹೆಣ್ಣೋ?"
"ತಿಳಿಯೋಕೆ ಇನ್ನೂ ಚಿಕ್ಕದು."
ಬಹಳ ಹೊತ್ತು ಗಾಲಿಯ ಸದ್ದು.
"ನಲ್ಲಿ ನೀರು ಹುಯ್ಯಬೇಡ," ಅಂದಳು.
"ಮಳೆಯದು ಹಿಡಿ."