ಇಳಿತದ ಮಣಿ

ನಿಲ್ಲಿ, ಚಪ್ಪಲಿ ಕಳಚಿ.
ಇಳಿತ ಶುರುವಾಗಿ ಅರ್ಧ ತಾಸಾಯಿತು,
ಕಡಲು ಕೈ ಸಡಿಲಿಸುವ ಹೊತ್ತು ಇದು.
ಕೋಟೆ ಎಲ್ಲಿಗೂ ಹೋಗುವುದಿಲ್ಲ, ಆಮೇಲೆ ನೋಡೋಣ.
ನಾನೂರು ವರ್ಷದಿಂದ ಅಲ್ಲೇ ಕೂತಿದೆ
ತುಕ್ಕು ಹಿಡಿದ ಫಿರಂಗಿಗಳನ್ನು
ಮುದುಕ ಕಾಲು ಚಾಚಿದ ಹಾಗೆ ನೀರಿನತ್ತ ಚಾಚಿಕೊಂಡು.

ನಾನು ಅತೀಜಾ. ಮುಖದ ಬಿಳುಪು ಕಂಡು ಬೆಚ್ಚಬೇಡಿ,
ಇದು ಮುಸಿರೋ. ಕೊರಡಿಗೆ ನೀರು ಚಿಮುಕಿಸಿ
ಅಜ್ಜಿಯ ಕಲ್ಲಿನ ಮೇಲೆ ತೇಯ್ದದ್ದು.
ಆ ಕಲ್ಲು ನಡುವೆ ತಗ್ಗು ಬಿದ್ದಿದೆ;
ಎಷ್ಟು ಮುಖಗಳು ಎದ್ದು ಬಂದವೋ ಅದರಿಂದ.

ಚರಿತ್ರೆ ಕೇಳಿದಿರಲ್ಲ,
ನನಗೆ ಗೊತ್ತಿರುವುದು ಇಷ್ಟು.
ಉದ್ದ ಮೂರು ಕಿಲೋಮೀಟರ್, ಅಗಲ ಒಂದು ಕೂಗಳತೆ.
ಮೊಜಾಂಬಿಕ್ ಅನ್ನುವ ಹೆಸರು ಮೊದಲು
ಈ ಅಂಗೈಯಷ್ಟು ನೆಲದ್ದು.
ಆಚೆ ದಡದ ಇಡೀ ದೇಶ ಕಡ ಒಯ್ದು ಇಟ್ಟುಕೊಂಡಿತು,
ನಾವೂ ವಾಪಸು ಕೇಳಲಿಲ್ಲ.
ರಾಜಧಾನಿ ಗಂಟುಮೂಟೆ ಕಟ್ಟಿ ತೆಂಕಣಕ್ಕೆ ಹೊರಟಾಗ
ಬಾಗಿಲು ಮುಚ್ಚುವುದನ್ನೂ ಮರೆಯಿತಂತೆ.
ಆಸ್ಪತ್ರೆಯ ಕಂಬಗಳನ್ನು ನೋಡಿ, ಮದುವೆ ಮನೆಯ ಠೀವಿ;
ಒಳಗೆ ಈಗ ಮೇಕೆಗಳ ಹೆರಿಗೆ.

ಬಡಗಣಕ್ಕೆ ಕಲ್ಲೂರು, ತೆಂಕಣಕ್ಕೆ ಗರಿಯೂರು.
ಕಲ್ಲೂರು ಕಟ್ಟಲು ಹವಳದ ಕಲ್ಲು ಬೇಕಿತ್ತು,
ನಮ್ಮ ಕಾಲ ಕೆಳಗೇ ಅಗೆದರು.
ಅಗೆದು ಬಿಟ್ಟ ಗುಂಡಿಯಲ್ಲಿ
ಅಗೆದವರೇ ಗುಡಿಸಲು ಹಾಕಿಕೊಂಡರು.
ರಸ್ತೆಯಲ್ಲಿ ನಿಂತರೆ ಅದಕ್ಕೇ
ನಮ್ಮ ಸೂರಿನ ತೆಂಗಿನ ಗರಿ ನಿಮ್ಮ ಮೊಣಕಾಲಿಗೆ ಬರುತ್ತದೆ.
ಮಳೆಗಾಲದ ಮಾತು ಕೇಳಲೇಬೇಡಿ:
ಕಲ್ಲೂರು ಮಿಂದ ನೀರು
ನಮ್ಮ ಒಲೆ ಹುಡುಕಿಕೊಂಡು ಬರುತ್ತದೆ.
ತಮ್ಮ ಉಸ್ಸೇನೆ ನೀರು ಎತ್ತಿ ಹಾಕುತ್ತಾ ನಗುತ್ತಾನೆ:
"ಮೇಲಿನ ಮಹಡಿಗಳೆಲ್ಲ ನಮ್ಮ ಅಂಗಳವೇ ಅಕ್ಕಾ,
ಎದ್ದು ನಿಂತಿದೆ, ಅಷ್ಟೆ."

ಕೋಟೆಯಲ್ಲಿ ಮಾತ್ರ ಮಳೆಗೆ ಮರ್ಯಾದೆ.
ಚಾವಣಿಗೆ ಬಿದ್ದದ್ದೆಲ್ಲ ಕಾಲುವೆ ಹಿಡಿದು
ನೆಲದಡಿಯ ತೊಟ್ಟಿಗೆ ಇಳಿಯುತ್ತದೆ.
ಮುತ್ತಿಗೆ ಬಿದ್ದರೆ ಇರಲೆಂದು ಪೋರ್ಚುಗೀಸರು ಕಟ್ಟಿದ್ದು;
ನನ್ನ ಅಮ್ಮ ಹೊತ್ತದ್ದು ಅದೇ ನೀರು, ಹದಿನಾರು ವರ್ಷ.
ಅವಳ ಮಟ್ಟಿಗೆ ಮುತ್ತಿಗೆ ದಿನಾ ಬೆಳಗ್ಗೆ ಬೀಳುತ್ತಿತ್ತು.

ಅಗೋ, ಆ ಪಾಚಿಗಲ್ಲಿನ ಬುಡಕ್ಕೆ ಕೈ ಹಾಕಿ.
ಹೂತುಹೋದ ಹಡಗುಗಳು ಇನ್ನೂ ಉಗುಳುತ್ತಿವೆ
ಸಾಸಿವೆಯಷ್ಟು ಸಾಸಿವೆಯಷ್ಟು:
ಹಳದಿ, ನೀಲಿ, ಇಟ್ಟಿಗೆಗೆಂಪು.
ಎಲ್ಲಿಯದೋ ಕುಲುಮೆಯ ಗಾಜು,
ಯಾವ ಗಾಳಿಗೆ ಹಾಯಿ ಕಟ್ಟಿ ಬಂದದ್ದೋ.
ಒಂದು ಸರವೆಂದರೆ ಹದಿನೈದು ಇಳಿತ, ಬಗ್ಗಿದ ಬೆನ್ನು.
ಇನ್ನೂರು ಮೆಟಿಕಲ್. ನಿಮಗಾದರೆ ನೂರೆಂಬತ್ತು.

ಇದಲ್ಲ. ಇದು ಮಾರಾಟಕ್ಕಿಲ್ಲ.
ಬಟ್ಟೆಯ ತುದಿಯಲ್ಲಿ ಗಂಟು ಹಾಕಿ ಇಟ್ಟದ್ದು,
ಬೇಕಾದರೆ ಬೆಳಕಿಗೆ ಹಿಡಿದು ನೋಡಿ.
ಇಂಥವನ್ನು ಬೊಗಸೆಗಟ್ಟಲೆ ಸುರಿದು
ಮನುಷ್ಯರನ್ನು ಕೊಂಡರಂತೆ, ಈ ದಡದಲ್ಲೇ.
ಕೊಂಡವನ ಕೈಯಿಂದ ಉದುರಿದ್ದೋ,
ದೋಣಿ ಹತ್ತಿಸುವಾಗ ಒಬ್ಬಳ ಕೊರಳಿಂದ ಹರಿದದ್ದೋ?
ಬೆಲೆಯೋ, ಒಡವೆಯೋ?
ನಾಲಗೆಗೆ ಇಟ್ಟು ನೋಡಿದ್ದೇನೆ.
ಉಪ್ಪು. ಅದು ಇಲ್ಲಿ ಎಲ್ಲದಕ್ಕೂ ಇರುತ್ತದೆ.

ಸೇತುವೆ ಕಾಣುತ್ತಿದೆಯಲ್ಲ, ಒಂದೇ ಗಾಡಿಯ ಅಗಲ.
ಎದುರಿನವನು ದಾಟುವವರೆಗೆ ನೀವು ಕಾಯಬೇಕು.
ಈಗ ಹೊರಟರೂ ಕಾಯುವುದೇ, ಆಮೇಲೂ ಅದೇ,
ಆದ್ದರಿಂದ ಅವಸರ ಬೇಡ.

ಹಾಂ, ಬೆರಳ ಸಂದಿಯಲ್ಲಿ ನೀಲಿ!
ತೋರಿಸಿ.
ಅಲ್ಲ, ಸಿಪ್ಪಿಯ ಚೂರು.
ಪರವಾಗಿಲ್ಲ, ನೀರು ಇನ್ನೂ ದೂರವಿದೆ,
ಬಗ್ಗಿ.