ಏಳು, ಎಂಟರ ನಡುವೆ

ವಿದ್ಯಾನಗರದ ಲ್ಯಾಬಿನಲ್ಲಿ ರಾತ್ರಿ ಒಂದೂವರೆಗೆ
ಚಿತ್ರ ಮೂಡಿತು.
ಗೂಡ್ಸ್ ವ್ಯಾಗನ್ನಿನ ಜೋಡಿ ಗಾಲಿ, ನಡುವೆ ಅಚ್ಚು,
ನಲವತ್ತು ಲಕ್ಷ ಚೂರುಗಳ ಬಲೆಯಾಗಿ
ಸೊನ್ನೆಯಿಂದ ಹದಿನೈದರವರೆಗೆ
ಹದಿನಾರು ಪ್ರೊಸೆಸರುಗಳಿಗೆ ಹಂಚಿದ್ದು.
ತಲೆಗೊಂದು ತುಂಡು, ತುಂಡಿಗೊಂದು ಫೈಲು.
ಅವರಲ್ಲಿ ಯಾರೂ
ಪೂರಾ ಗಾಲಿ ಕಂಡವರಲ್ಲ.

ಒಂದರ ಮಗ್ಗುಲಿಗೆ ಒಂದನ್ನು ಕೂರಿಸಿದೆ.
ನೀಲಿ, ಹಸಿರು, ಹುಣಸೆ ಚಿಗುರಿನ ಬಣ್ಣ,
ಆಮೇಲೆ ಅಚ್ಚಿನ ನಟ್ಟನಡುವೆ
ಒಂದು ಕೆಂಪು ಗೆರೆ,
ಬೈತಲೆಯಷ್ಟು ನೆಟ್ಟಗೆ.
ನಿದ್ದೆ ಬರಲಿಲ್ಲ.

ಬೆಳಿಗ್ಗೆ ಧೋಂಡೂಸಾ ಕಾಟವೆ ಬಂದರು.
ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೆಂಟು ವರ್ಷ
ಸುತ್ತಿಗೆಯಿಂದ ಗಾಲಿ ಬಡಿದು ಕಿವಿಗೊಟ್ಟವರು.
ಈಗ ಎಡಗಿವಿ ಅಷ್ಟಕ್ಕಷ್ಟೆ.
ಕನ್ನಡಕ ಒರೆಸಿ, ಪರದೆಗೆ ಮೂಗು ತಾಗುವಂತೆ ಬಗ್ಗಿ,
"ಇಷ್ಟು ನೆಟ್ಟಗ ಬಿರುಕು ಎಲ್ಲ್ಯಾದ್ರೂ ನೋಡೀಯೇನವಾ?
ಕಬ್ಬಿಣ ಏನ್ ಪಟ್ಟಿ ಹಿಡದು ಗೆರಿ ಹೊಡೀತೈತಿ?"

ಆಗ ತುಂಡುಗಳ ಸಂಖ್ಯೆ ತೆರೆದು ನೋಡಿದೆ.
ಏಳರ ಹೊಲ ಮುಗಿದು ಎಂಟರದು ತೊಡಗುವ ಬದು ಅದು.
ಬದುವಿನ ಮೇಲಿನ ಬಿಂದುಗಳು ಇಬ್ಬರಿಗೂ ಸೇರಿದವು.
ಇಬ್ಬರ ಮೊತ್ತ ಕೂಡಿಸಿದ್ದೆ,
ಪಾಲುದಾರರನ್ನು ಎಣಿಸಲು ಮರೆತಿದ್ದೆ.
ಇದ್ದದ್ದರ ಎರಡರಷ್ಟು ಕೆಂಪು.
ಉಳಿದ ಬದುಗಳಲ್ಲೂ ಇದೇ ತಪ್ಪು;
ಅಲ್ಲಿ ಭಾರ ಕಡಿಮೆ,
ನೀಲಿಯನ್ನು ದುಪ್ಪಟ್ಟು ಮಾಡಿದರೂ ನೀಲಿಯೇ.

"ಅಂದ್ರ, ಎರಡೂ ಶಿಫ್ಟಿನವರು
ಒಂದ ರಿವೆಟ್ ಲೆಕ್ಕಾ ಬರಕೊಂಡಂಗ,"
ನಕ್ಕರು. ಹಿಂದೆ ಹಂಗ ಬರಕೊಂಡವರಲ್ಲಿ
ತಾವೂ ಒಬ್ಬರಂತೆ.

ಎರಡು ಸಾಲು ತಿದ್ದಿದೆ. ಕೆಂಪು ಹೋಯಿತು.
ಅಚ್ಚೆಲ್ಲ ಸಮ, ತಣ್ಣಗೆ.
ನಾನು ಚಹಾ ತರಿಸಿದೆ.
ಅವರು ಕುಡಿಯಲಿಲ್ಲ, ಹೆಬ್ಬೆರಳು ಪರದೆಗೆ ಒತ್ತಿ ನಿಂತಿದ್ದರು,
ಅಚ್ಚು ಗಾಲಿಯೊಳಗೆ ಹೋಗುವ ಬಾಯಿಯ ಬಳಿ,
ಅಲ್ಲೊಂದು ಮಬ್ಬು ಹಳದಿ.
"ಇದು?"
"ಮಿತಿಯೊಳಗ ಐತ್ರಿ ಕಾಕಾ."
"ಹೂಂ," ಅಂದರು.
ಹಂಗಂದವರನ್ನು ನಾನು ಬಲ್ಲೆ,
ಒಪ್ಪಿದ ಹೂಂ ಅಲ್ಲ ಅದು.

ಅವರು ಹೋದ ಮೇಲೆ ಗಾಲಿ ತಿರುಗಿಸಿದೆ,
ಹಿಗ್ಗಿಸಿದೆ, ಸೀಳಿ ಒಳಗೆ ನೋಡಿದೆ.
ಹೆಬ್ಬೆರಳ ಎಣ್ಣೆಗುರುತು ಮಾತ್ರ
ಗಾಜಿನ ಮೇಲೆ ಅಲ್ಲೇ ಇತ್ತು,
ಅದರ ಅಡಿಯಲ್ಲಿ ಅಚ್ಚು ಸರಿಯುತ್ತಿತ್ತು.
ಒರೆಸಿಲ್ಲ.

ಆ ಬಾಯಿಯ ಸುತ್ತ ಬಲೆಯನ್ನು
ಇನ್ನೂ ಸಣ್ಣಗೆ ಹೆಣೆದು ಕಳಿಸಿದ್ದೇನೆ.
ಎಂಬತ್ತೊಂದು ಲಕ್ಷ.
ಸರದಿಯಲ್ಲಿ ನನ್ನ ಮುಂದೆ
ಮೂವರಿದ್ದಾರೆ.